ರವಿಕೆಯೊಳಗೆ ಮಡಚಿಟ್ಟ ಬಟ್ಟೆ

ಎಳೆ ಹುಡುಗಿಯರ ಮದುವೆ ಬೇಡ ಅಂತ ಹೇಳುವ ಬೀದಿನಾಟಕ ನಮ್ಮದು. ಕಾಲೇಜಿನಿಂದ ನಾನೊಬ್ಬಳೇ, ಉಳಿದವರೆಲ್ಲ ಊರಿನವರು. ತಮ್ಮವರೇ ಕುಣಿದರೆ ಜನ ಕೂತು ನೋಡುತ್ತಾರೆ ಅನ್ನುವುದು ನನ್ನ ಮಹಾ ಐಡಿಯಾ. ಎಂಟನೇ ಕ್ಲಾಸಿನ ಗುಬ್ಬಿ ಮದುಮಗಳು. ಮದುವೆ ನಿಲ್ಲಿಸುವ ಪೊಲೀಸ್ ಪಾತ್ರ ಅವಳ ಅಪ್ಪನದೇ; ಬಸ್ ಓಡಿಸುವ ಅವರು ನಮಗೆಲ್ಲ ಡ್ರೈವರ್ ಮಾಮ. ಖಾಕಿ ಅಂಗಿ ಅವರ ಹತ್ತಿರ ಮೊದಲೇ ಇತ್ತಲ್ಲ!

ನಾಟಕದ ದಿನ ಚಿಕ್ಕಮ್ಮನ ಟೈಲರ್ ಅಂಗಡಿಗೆ ಓಡಿದೆ.

"ಚಿಕ್ಕಮ್ಮಾ, ಗುಬ್ಬಿ ಅಳತೆಗೆ ಒಂದು ರವಿಕೆ. ಸಂಜೆಗೇ ಬೇಕು."

"ಯಾವಾಗ್ಲೂ ಕುದುರೆ ಏರಿಯೇ ಬರ್ತೀಯ! ಗುಬ್ಬೀದು ಅಲ್ಲಿ ತೂಗುಹಾಕಿದೀನಿ, ನೋಡು."

"ಅಯ್ಯೋ ನನ್ನ ಬಂಗಾರ! ಹೇಳದೇನೇ ಹೊಲಿದಿಟ್ಟಿದೀಯಾ?"

ತಿರುವಿ ನೋಡಿದೆ. ಒಳಗೆ ಎರಡೂ ಪಕ್ಕ ಮೂರು ಬೆರಳಗಲ ಬಟ್ಟೆ ಮಡಚಿ ಹೊಲಿದಿತ್ತು.

"ಇಷ್ಟ್ಯಾಕೆ ಬಿಟ್ಟಿದೀಯಾ? ನಾಟಕ ಮುಗಿಯೋದ್ರೊಳಗೆ ಗುಬ್ಬಿ ಡ್ರಮ್ ಆಗ್ಬಿಡ್ತಾಳಾ?"

"ನಾಟಕಕ್ಕಲ್ಲ ಕಣೇ, ಮದುವೆಗೆ. ಬರೋ ವಾರ. ಬೆಳೆಯೋ ಮೈ, ಬೇಗ ಬಸುರಿನೂ ಆಗ್ತಾಳೆ, ಬಿಚ್ಚಿ ಸಡಿಲ ಮಾಡ್ಕೊಳ್ಳೋಕೆ ಇರ್ಲಿ ಅಂತ ಗಂಡಿನ ತಾಯಿ ಹೇಳಿಕಳಿಸಿದ್ರು."

ರವಿಕೆಯ ಮೇಲೆ ಕೈ ಹರಡಿ ಅಳೆದೆ. ನನ್ನ ಎರಡು ಗೇಣಿನಷ್ಟೂ ಅಗಲವಿರಲಿಲ್ಲ.

"ಗುಬ್ಬಿಗೆ ಗೊತ್ತಾ?"

"ಇಲ್ಲ. ನಾಟಕಕ್ಕೆ ಅಂತ ಹೇಳಿ ಅವರಪ್ಪ ಕರ್ಕೊಂಡು ಬಂದಿದ್ರು. ಕುಣ್ಕೊಂಡು ಅಳತೆ ಕೊಟ್ಲು."

"ಚಿಕ್ಕಮ್ಮಾ! ನಾಟಕದಲ್ಲಿ ನೀನೇ ಅವಳ ಅಮ್ಮ. ಮಗಳನ್ನ ಓದಿಸ್ತೀನಿ ಅಂತ ದಿನಾ ಗೊಳೋ ಅಂತ ಅಳ್ತೀಯಲ್ಲೇ!"

"ಅದು ನಾಟಕ ಕಣೇ. ಇದು ಗಿರಾಕಿ…" ಮಿಷನ್ ತುಳಿಯುತ್ತಿದ್ದ ಕಾಲು ನಿಂತುಬಿಟ್ಟಿತು.

ರವಿಕೆ ತಗೊಂಡು ನೇರ ಗುಬ್ಬಿ ಹತ್ತಿರ ಹೋಗಿ ಎಲ್ಲ ಹೇಳಿದೆ. ಅವಳು ಅಳಲಿಲ್ಲ. ರವಿಕೆಯ ಮಡಿಕೆಯನ್ನು ಬೆರಳಲ್ಲಿ ಸವರಿದಳು, ತನ್ನ ಹೊಟ್ಟೆ ನೋಡಿಕೊಂಡಳು.

"ಅಕ್ಕಾ, ಇದನ್ನೇ ಹಾಕ್ಕೊಳ್ತೀನಿ."

ಸಂಜೆ ಅವಳು ಬಯಲಿಗೆ ಬಂದಾಗ ಜನ ಬಿದ್ದು ಬಿದ್ದು ನಕ್ಕರು. "ಏ, ಮದುಮಗಳು ರವಿಕೆ ಉಲ್ಟಾ ಹಾಕ್ಕೊಂಡವಳೆ!" ಒಳಗಿನ ಮಡಿಕೆಗಳೆಲ್ಲ ಹೊರಗಿದ್ದವು.

ಚಿಕ್ಕಮ್ಮ ಅಳುತ್ತಾ ತನ್ನ ಮಾತು ಶುರುಮಾಡಬೇಕಿತ್ತು; ಮರೆತಳೇನೋ ಅಂದುಕೊಂಡೆ. ಅವಳು ಗುಬ್ಬಿಯ ಪಕ್ಕಕ್ಕೆ ಬಂದು ಆ ಮಡಿಕೆ ಹಿಡಿದಳು.

"ನಗಬೇಡಿ. ಈ ಬಟ್ಟೆ ಬಿಟ್ಟೋಳು ನಾನೇ. ಈ ಮಗೂಗೆ ಹೊಟ್ಟೆ ಬರುತ್ತಲ್ಲ, ಅದಕ್ಕೆ. ಬರೋ ವಾರ ಇವಳಿಗೆ ಮದುವೆ. ನಿಜವಾದ ಮದುವೆ."

ನಗು ಅಲ್ಲಲ್ಲೇ ಸತ್ತಿತು. ಡ್ರೈವರ್ ಮಾಮ ಸೀಟಿ ಊದುತ್ತಾ ಓಡಿಬರಬೇಕಿತ್ತು. ಬಂದರು, ಸೀಟಿ ಬಾಯಲ್ಲೇ ಇತ್ತು, ಸದ್ದು ಬರಲಿಲ್ಲ. ಅವರ ಕಣ್ಣು ರವಿಕೆಯ ಮೇಲೇ ನೆಟ್ಟಿತ್ತು.

"ಅಪ್ಪಾ," ಗುಬ್ಬಿ ಅಂದಳು, "ನಿನ್ನ ಡೈಲಾಗು."

ಪ್ರಾಕ್ಟೀಸಿನಲ್ಲಿ ಗಂಟಲು ಹರಿಯುವಂತೆ ಕೂಗುತ್ತಿದ್ದ ಮನುಷ್ಯ. ಬಾಯಿಂದ ಸೀಟಿ ತೆಗೆದರು.

"ಈ ಮದುವೆ… ನಿಲ್ಸಿ."

ಮೊದಲ ಸಾಲಿಗಷ್ಟೇ ಕೇಳಿಸಿತು. ಗಂಡಿನ ತಾಯಿ ಕೂತಿದ್ದದ್ದೂ ಅಲ್ಲೇ. ಕುರ್ಚಿ ಹಿಂದಕ್ಕೆ ತಳ್ಳಿ ಎದ್ದವರು, ಯಾರ ಮುಖವನ್ನೂ ನೋಡದೆ ಹೊರಟುಹೋದರು.