ವಂಕಿ ತೊಡಿಸಿದ ಭಾನುವಾರ

ಕನಕಮ್ಮನ ಆತುರಕ್ಕೆ ಏನು ಹೇಳುವುದು. ಸೊಸೆ ಕಲಾ ಎರಡು ತಿಂಗಳಿಂದ ಮುಟ್ಟಾಗಿ ಹೊರಗೆ ಕೂತಿಲ್ಲ ಎಂಬುದೊಂದೇ ಸಾಕಾಯಿತು, ಊರಿಗಾಂ ಗಣಿ ಲೈನಿನ ಸಾಲುಮನೆಗಳಿಗೆಲ್ಲ ಬಸುರಿನ ಸುದ್ದಿ ಮುಟ್ಟಿಸಿಬಿಟ್ಟಳು. ಕೂಸು ಹುಟ್ಟುವ ಮುಂಚೆ ಕುಲಾವಿ ಅನ್ನುತ್ತಾರಲ್ಲ, ಹಾಗೆ. ಭಾನುವಾರ ಬೆಳಿಗ್ಗೆ ತನ್ನ ಅತ್ತೆಯ ಕಾಲದ ಚಿನ್ನದ ವಂಕಿಯನ್ನು ಪೆಟ್ಟಿಗೆಯಿಂದ ತೆಗೆದು, ಬೇಡವೆಂದರೂ ಕೇಳದೆ, ಸೊಸೆಯ ಎಡತೋಳಿಗೆ ಏರಿಸಿದಳು.

ವಂಕಿ ಒಂದು ಕಡೆ ಒತ್ತಿತು. ಕಲಾ ಕೈ ಎಳೆದುಕೊಂಡಳು. ಕನಕಮ್ಮ ಬಿಡಲಿಲ್ಲ, ಬೆರಳಿಂದ ತಡವಿ ನೋಡಿದಳು. ತೋಳಿನ ಒಳಮಗ್ಗುಲಲ್ಲಿ, ಚರ್ಮದ ಕೆಳಗೆ, ಬೆಂಕಿಕಡ್ಡಿಯಂಥದ್ದು ಸಿಕ್ಕಿತು.

“ಏನೇ ಇದು?”

“ಮಕ್ಕಳಾಗದಂಗೆ ಆಕೋ ಕಡ್ಡಿ, ಅತ್ತೆ. ಬಂಗಾರಪೇಟೆ ಡಾಕ್ಟರಮ್ಮ ಆಕಿದ್ರು. ಒಳಗೇ ಔಷಧಿ ಬಿಡ್ತಾ ಇರ್ತದೆ. ಅದಿರೋವರೆಗೂ ಅಂಡ ಬಿಡುಗಡೆ ಆಗಲ್ಲ, ಬಸುರು ನಿಲ್ಲಲ್ಲ. ಕೆಲವರಿಗೆ ಮುಟ್ಟೂ ನಿಂತೋಗ್ತದಂತೆ. ಮೂರು ವರ್ಷ ಅಷ್ಟೇ. ತೆಗೆಸಿದ್ರೆ ಮೊದಲಿನಂಗೇ ಆಗ್ತೀನಿ.”

ಕನಕಮ್ಮನಿಗೆ ಮೈಯೆಲ್ಲ ಉರಿದುಹೋಯಿತು. ಲೈನಿನವರ ಮುಂದೆ ಮಾನ ಹೋಯಿತಲ್ಲ. “ವೇಣು, ಬಾರ್ಲಾ ಇಲ್ಲಿ, ನಿನ್ನ ಎಂಡ್ತಿ ಮಾಡಿರೋ ಘನಂದಾರಿ ಕೆಲಸ ನೋಡು” ಎಂದು ಮಗನನ್ನು ಕೂಗಿದಳು. ಆ ಬಾಯಿಗೆ ಆಗ ಬೀಗ ಬೀಳಬೇಕಿತ್ತು.

ಫ್ಯಾಕ್ಟರಿಗೆ ರಜೆ. ಗಡ್ಡ ಹೆರೆಯಲು ಹೊಸ ಬ್ಲೇಡು ಬಿಚ್ಚುತ್ತಿದ್ದ ವೇಣು ಅದನ್ನು ಹಿಡಿದೇ ಬಂದ. ವಿಷಯ ಕೇಳಿದ. ಮೊದಲ ಏಟಿಗೆ ಕಲಾಳ ತುಟಿ ಒಡೆಯಿತು, ಎರಡನೆಯದಕ್ಕೆ ಅವಳು ಅಡುಗೆ ಕಟ್ಟೆಯ ಕೆಳಗೆ ಬಿದ್ದಳು. ಅವನು ಅವಳ ಎದೆಯ ಮೇಲೆ ಮೊಣಕಾಲೂರಿ ತೋಳು ತಿರುಚಿದ.

“ನಾನೇ ತೆಗೀತೀನಿ. ಅಮ್ಮ, ಕಾಲು ಇಡ್ಕೊ.”

ಕನಕಮ್ಮ ಹಿಡಿದುಕೊಂಡಳು. ಹೆತ್ತವರಿಗೆ ಹೆಗ್ಗಣ ಮುದ್ದು, ಇನ್ನೇನು. ಬ್ಲೇಡು ಚರ್ಮ ಸೀಳಿತು, ರಕ್ತ ವಂಕಿಯ ಮೇಲೆ ಹರಿದು ನೆಲಕ್ಕೆ ಇಳಿಯಿತು. ಕಲಾ ಗಂಡನನ್ನು ನೋಡಲೇ ಇಲ್ಲ.

“ಅತ್ತೆ, ಓದ್ಸಲದ ಕೂಸು ಇವನ ಒದೆಗೆ ತಾನೆ ಓಗಿದ್ದು. ಆ ಬಟ್ಟೆ ತೊಳೆದಿದ್ದು ನೀವೇ ತಾನೆ. ಇನ್ನೊಂದು ಬಸುರಾದ್ರೆ ಈ ಸಲ ನಾನೂ ಓಗ್ತೀನಿ.”

ಹೊಟ್ಟೆಯಲ್ಲೇ ಹೋದ ಐದು ತಿಂಗಳ ಗಂಡುಕೂಸು. “ನಲ್ಲಿ ಹತ್ರ ಜಾರಿ ಬಿದ್ದಳು” ಎಂದು ಅವತ್ತು ಲೈನಿಗೆಲ್ಲ ಸಾರಿದ್ದು ಇದೇ ಕನಕಮ್ಮ. ಅವತ್ತು ಸೊಸೆಯ ಇದೇ ಕಾಲುಗಳ ಮೇಲಿನ ರಕ್ತ ಒರೆಸಿದ್ದೂ ಅವಳೇ. ಈಗ ಅವನ್ನೇ ಅದುಮಿ ಹಿಡಿದಿದ್ದಳು.

ಕಾಲು ಬಿಟ್ಟಳು. ಕಟ್ಟೆಯ ಮೇಲೆ ಮುದ್ದೆ ಕೋಲಿತ್ತು, ರಾಗಿ ಇನ್ನೂ ಅಂಟಿತ್ತು. ಎತ್ತಿ, ಬ್ಲೇಡು ಹಿಡಿದ ಮಣಿಕಟ್ಟಿಗೆ ಬೀಸಿದಳು. ಮೂಳೆ ಲಟಕ್ಕೆಂದಿತು. “ಅಮ್ಮೋ” ಎಂದು ಅರಚಿದವನ ಮೊಣಕಾಲಿಗೆ ಇನ್ನೊಂದು ಬಿತ್ತು, ಬೆನ್ನಿಗೆ ಮತ್ತೊಂದು. ಅವನು ಬಾಗಿಲ ತನಕ ತೆವಳಿದ.

ಅರಚಾಟಕ್ಕೆ ಪಕ್ಕದ ಮನೆಯ ಮುನಿರತ್ನಮ್ಮ ಓಡಿ ಬಂದು ಹೊಸಿಲಲ್ಲಿ ನಿಂತಳು. “ಏನಾಯ್ತು ಕನಕಕ್ಕ? ಯಾಕಿಂಗೆ ಬಿದ್ದವ್ನೆ?”

ಕನಕಮ್ಮ ವಂಕಿ ಬಿಚ್ಚಿಟ್ಟು, ಸೆರಗು ಹರಿದು ಸೊಸೆಯ ತೋಳಿಗೆ ಕಟ್ಟುತ್ತಿದ್ದಳು. ಕಡ್ಡಿ ಒಳಗೇ ಉಳಿದಿತ್ತು, ಬೆರಳಿಗೆ ಸಿಕ್ಕಿತು. ಜಾರಿ ಬಿದ್ದ ಎಂಬ ಮಾತು ನಾಲಿಗೆಯವರೆಗೆ ಬಂದಿತ್ತು, ಅಭ್ಯಾಸಬಲ.

“ನಾನೇ ಒಡ್ದೆ” ಎಂದಳು. “ಆಟೋ ಕರಿ ಮುನಿರತ್ನ, ಇವಳ ಕೈಗೆ ಒಲಿಗೆ ಆಕಿಸ್ಬೇಕು. ಅವತ್ತೂ ಇವಳು ಜಾರಿ ಬಿದ್ದಿರ್ಲಿಲ್ಲ ಕಣೆ.”