ಮುರುಕು ರೊಟ್ಟಿ

ಶಾಂತ್ರವ್ವನ ತಾಯಿ ಅರ್ಧ ಉಳ್ಳಾಗಡ್ಡಿಯನ್ನು ಎಣ್ಣೆಯಲ್ಲಿ ಅದ್ದಿ ನನ್ನ ಮೈಗೆ ತಿಕ್ಕುತ್ತಿದ್ದಳು. ನಾನು ಒಂದು ರೊಟ್ಟಿ ಹಂಚು. ತಾಳಿಕೋಟೆಯ ಕಮ್ಮಾರನ ಕುಲುಮೆಯಿಂದ ಆಗಷ್ಟೇ ಬಂದಿದ್ದೆ. ರೊಟ್ಟಿ ಅಂಟದಿರಲಿ ಎಂದು ಹೊಸ ಹಂಚನ್ನು ಹೀಗೆ ಪಳಗಿಸುತ್ತಾರೆ. ತಿಕ್ಕಿ ಮುಗಿದ ಮೇಲೆ ಹಳೆಯ ಸೀರೆಯಲ್ಲಿ ಸುತ್ತಿ ಮಗಳ ಗಂಟಿಗೆ ಸೇರಿಸಿದಳು. ಮರುದಿನ ಶಾಂತ್ರವ್ವ, ಅವಳ ಗಂಡ ದುಂಡಪ್ಪ, ಕಂಕುಳಲ್ಲಿ ಕೂಸು ಮಾದೇವಿ, ಎಲ್ಲರೂ ಗೋವಾದ ಬಸ್ಸು ಹತ್ತಿದರು.

ಅಲ್ಲಿ ಗಂಡ ಹೆಂಡತಿ ಇಬ್ಬರೂ ಕಟ್ಟಡದ ಕೆಲಸಕ್ಕೆ ಹೋದರು. ಕಟ್ಟಡ ಮುಗಿದರೆ ತಗಡಿನ ಶೆಡ್ಡು ಕಿತ್ತು ಇನ್ನೊಂದು ಕಡೆಗೆ ನಡೆಯಬೇಕು. ಪ್ರತಿ ಸಲ ನಾನು ಶಾಂತ್ರವ್ವನ ತಲೆಯ ಮೇಲೆ, ಮಾದೇವಿ ಹಿಂದೆ.

"ನಮಗ ಯಾರೂ ಏಳು ಅನ್ನಬಾರದು, ಅಂಥಾದೊಂದು ಖೋಲಿ ಬೇಕ್ರಿ" ಎಂದು ಅವಳು ಗಂಡನಿಗೆ ಹೇಳುತ್ತಿದ್ದಳು. ಬೇರೇನನ್ನೂ ಅವಳು ಕೇಳಿದ್ದು ನಾನು ಕಂಡಿಲ್ಲ.

ಅದಕ್ಕಾಗಿ ಅವಳು ರೊಟ್ಟಿ ಮಾರತೊಡಗಿದಳು. ನಮ್ಮ ಕಡೆಯ ಕೂಲಿ ಮಂದಿಗೆ ಅಲ್ಲಿಯ ಅನ್ನ ಹೊಟ್ಟೆಗೆ ಹಿಡಿಯುತ್ತಿರಲಿಲ್ಲ. ಕೆಲಸದಿಂದ ಬಂದವಳೇ ಕೈಕಾಲಿನ ಸಿಮೆಂಟು ತೊಳೆದು ಜೋಳದ ಹಿಟ್ಟು ನಾದುತ್ತಿದ್ದಳು. ಉರುವಲಿಗೆ ದುಂಡಪ್ಪ ಬಿಸಾಡಿದ ಹಲಗೆಯ ಚೂರು ಆರಿಸಿ ತರುತ್ತಿದ್ದ. ಅದರ ಡೊಂಕು ಮೊಳೆಗಳನ್ನೂ ಕಿತ್ತು, ತಟ್ಟಿ ನೆಟ್ಟಗೆ ಮಾಡಿ ಡಬ್ಬಿಯಲ್ಲಿಡುತ್ತಿದ್ದ.

ಖಡಕ್ ರೊಟ್ಟಿ ಬೇಗ ಮುರಿಯುತ್ತದೆ. ಇಡೀ ರೊಟ್ಟಿ ಮಾರಾಟಕ್ಕೆ, ಮುರುಕು ಮನೆಗೆ.

"ಏನಬೇ ಶಾಂತ್ರಕ್ಕ, ಇಡೀವು ಊರ ಮಂದಿಗೆ, ಮುರುಕು ಮನಿ ಮಂದಿಗೇನು?" ಎಂದು ಪಕ್ಕದ ಶೆಡ್ಡಿನ ಗಂಗವ್ವ ಕೆಣಕುತ್ತಿದ್ದಳು.

"ಹೊಟ್ಟ್ಯಾಗ ಹೋದಮ್ಯಾಗ ಎಲ್ಲಾ ಮುರುಕೇ ಬಿಡ ಯಕ್ಕ" ಎನ್ನುತ್ತಿದ್ದಳು ಶಾಂತ್ರವ್ವ.

ಒಂದು ಸಂಜೆ ರೊಟ್ಟಿ ಒಂದೂ ಮುರಿಯಲಿಲ್ಲ. ಮಾದೇವಿ ಬುಟ್ಟಿಯ ಹತ್ತಿರ ಸುಳಿದಾಡಿದಳು. ತಾಯಿ ಒಲೆಗೆ ಬಾಗಿದಾಗ ಮೇಲಿನ ರೊಟ್ಟಿಯನ್ನು ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿದಳು. ಟಕ್ ಎಂದಿತು.

"ಅವ್ವಾ, ಇದು ಮುರದೈತಿ. ಇದು ನಂದಽ."

ಶಾಂತ್ರವ್ವನ ಕೈ ಹೊಡೆಯಲು ಮೇಲೆದ್ದಿತು. ನಾನು ಕೆಳಗಿನಿಂದ ಅವಳ ಮುಖ ನೋಡಿದೆ. ಆ ಕೈ ಇಳಿದು ನನ್ನ ಮೇಲಿದ್ದ ರೊಟ್ಟಿಯನ್ನು ಎತ್ತಿ, ತಾನೇ ಎರಡು ತುಂಡು ಮಾಡಿ ಮಗಳ ಉಡಿಯಲ್ಲಿ ಹಾಕಿತು.

"ಇದೂ ಮುರೀತು ನೋಡು" ಎಂದಳು.

ವರ್ಷಗಳು ಹೋದವು. ಖೋಲಿ ಬಂತು. ಅದರ ಗೂಡಿನ ಹಲಗೆಗೆ ಡಬ್ಬಿಯ ಮೊಳೆಗಳನ್ನೇ ದುಂಡಪ್ಪ ಹೊಡೆದ. ಆಮೇಲೆ ಅವನು ತೀರಿಹೋದ. ಮಾದೇವಿ ಬೆಳೆದು ರೊಟ್ಟಿ ಅಂಗಡಿ ತೆರೆದಳು, ಮಿಷನ್ನು ತಂದಳು, ಮನೆ ಕಟ್ಟಿಸಿದಳು. ಈಗ ನಾನು ಹಿತ್ತಿಲ ಬಾಗಿಲ ಬಳಿ ಹೂವಿನ ಕುಂಡದ ಕೆಳಗಿದ್ದೇನೆ. ಕುಂಡದ ನೀರು ಇಳಿದು ನನಗೆ ತುಕ್ಕು ಹಿಡಿದಿದೆ. ಬೇಸರವಿಲ್ಲ. ಇಲ್ಲಿಂದ ಅಡುಗೆಮನೆ ಕಾಣುತ್ತದೆ.

ಅಂಗಡಿಯ ಮುರುಕನ್ನು ಮಾದೇವಿ ಎಮ್ಮೆ ಸಾಕಿದವರಿಗೆ ಕೊಟ್ಟುಬಿಡುತ್ತಾಳೆ. "ನಮ್ಮವ್ವನ ತಾಟಿನ್ಯಾಗ ಇನ್ನ ಮುರುಕು ಬೀಳಬಾರದು" ಎಂದು ತನ್ನ ಸೊಸೆಗೆ ಖಡಾಖಂಡಿತ ಹೇಳಿದ್ದಾಳೆ. ಅವಳ ಮಾತು ನನಗೆ ಅರ್ಥವಾಗುತ್ತದೆ. ಆದರೆ ನನಗೆ ಇನ್ನೊಂದೂ ಗೊತ್ತು. ನನ್ನ ಮೇಲೆ ಹೆಚ್ಚು ಹೊತ್ತು ಕೂತು ಅಂಚು ಕೆಂಪಾದ ರೊಟ್ಟಿಯೇ ಮುರಿಯುತ್ತಿತ್ತು. ರುಚಿಯೂ ಅದಕ್ಕೇ ಹೆಚ್ಚು.

ಇವತ್ತು ಶಾಂತ್ರವ್ವನ ಮುಂದೆ ಬೆಳ್ಳಗಿನ ಇಡೀ ರೊಟ್ಟಿ ಬಡಿಸಿದ್ದರು. ಅವಳು ಅದನ್ನು ತಾಟಿನಲ್ಲಿ ಒಂದು ಸುತ್ತು ತಿರುಗಿಸಿದಳು. ಮಾದೇವಿ ಬೆನ್ನು ಹಾಕಿ ಪಾತ್ರೆ ತೊಳೆಯುತ್ತಿದ್ದಳು. ನಳದ ನೀರು ನಿಂತ ಮೇಲೆ ಮುದುಕಿ ಕೇಳಿದಳು:

"ಮಾದೇವಿ, ಒಂದು ಮುರುಕಿದ್ದರ ಕೊಡವ್ವಾ."