ಎದುರು ಪಾರ್ಟಿಯ ಜಲಜಾಕ್ಷಿ

ನಮ್ಮ ಕಬಡ್ಡಿ ತಂಡದ ಪಟ್ಟಿಯಲ್ಲಿ ಹನ್ನೆರಡು ಹೆಸರು. ಅಭ್ಯಾಸಕ್ಕೆ ಬರುವವರು ಹದಿನೇಳು. ಉಳಿದ ಐವರಿಗೆ ನಮ್ಮ ಕೋಚ್ ಡೊಂಬಯ್ಯ ಮಾಸ್ಟ್ರು ಇಟ್ಟ ಹೆಸರು ‘ಎದುರು ಪಾರ್ಟಿ’. ಮುಂದಿನ ಪಂದ್ಯ ಯಾವ ತಂಡದ ಮೇಲೋ, ಅವರ ಹಾಗೆ ನಾವು ಆಡಿ ತೋರಿಸಬೇಕು. ಪಂದ್ಯದ ದಿನ ನೀರಿನ ಬಾಟಲಿ ಹಿಡಿದು ಗೆರೆಯ ಹೊರಗೆ ನಿಲ್ಲಬೇಕು. ಡಿಗ್ರಿ ಮುಗಿಸಿ ಎರಡು ವರ್ಷವಾದರೂ ನಾನು ಎದುರು ಪಾರ್ಟಿಯಲ್ಲೇ ಇದ್ದೆ. ಪಂದ್ಯದಲ್ಲಿ ಒಂದು ರೈಡ್ ಕೂಡ ಮಾಡಿರಲಿಲ್ಲ.

೨೦೦೧ರ ಜನವರಿಯಲ್ಲಿ ಮೂಡುಬಿದಿರೆಯಲ್ಲಿ ಫೈನಲ್, ಬೆಳ್ತಂಗಡಿಯವರ ಮೇಲೆ. ಅವರ ನಳಿನಾಕ್ಷಿಯ ರೈಡ್ ನೋಡಿ ಬರಲು ಮಾಸ್ಟ್ರು ನನ್ನನ್ನು ಎರಡು ಸಲ ಬಸ್ಸು ಹತ್ತಿಸಿದ್ದರು. ಎಡಕ್ಕೆ ಮೂರು ಹೆಜ್ಜೆ, ಕೈ ನೀಡುವ ನಟನೆ, ತಟ್ಟನೆ ತಿರುಗಿ ಬಲಗಾಲಿನ ಒದೆತ. ಹದಿನೈದು ದಿನ ನಮ್ಮ ಬಂಟ್ವಾಳದ ಮೈದಾನದಲ್ಲಿ ಅದನ್ನೇ ಮಾಡಿದೆ. ಮೊದಲ ವಾರ ನಮ್ಮವರು ಸಾಲಾಗಿ ಔಟಾದರು. ಎರಡನೆಯ ವಾರ ಕ್ಯಾಪ್ಟನ್ ವಾರಿಜ ನನ್ನ ಕಾಲು ಏಳುವ ಮೊದಲೇ ಹಿಡಿಯತೊಡಗಿದಳು.

“ಈ ಜಲಜಾಕ್ಷಿಯನ್ನು ಟೀಮಿಗೆ ಹಾಕಿದ್ರೆ ಮತ್ತೆ ನಳಿನಾಕ್ಷಿ ಆಗ್ಲಿಕ್ಕೆ ಯಾರುಂಟು?” ಎನ್ನುತ್ತಿದ್ದರು ಮಾಸ್ಟ್ರು. ಅದನ್ನು ಹೊಗಳಿಕೆಯೆಂದೇ ಡೈರಿಯಲ್ಲಿ ಬರೆದುಕೊಂಡಿದ್ದೆ.

ಫೈನಲ್ ದಿನ ಹತ್ತು ಗಂಟೆಯೊಳಗೆ ಪಟ್ಟಿ ಕೊಡಬೇಕಿತ್ತು. ನಮ್ಮ ಹನ್ನೆರಡನೆಯವಳು ಮನೆಯಲ್ಲಿ ಒಪ್ಪದೆ ಬಂದಿರಲಿಲ್ಲ. ಮಾಸ್ಟ್ರ ಕೈಯಲ್ಲಿದ್ದ ಹಾಳೆಯ ಕೊನೆಯ ಗೆರೆ ಖಾಲಿ. ನನ್ನ ಹೆಸರು ಬರೆಯಿರಿ ಎನ್ನಲು ಎರಡು ಸಲ ಅವರ ಹತ್ತಿರ ಹೋಗಿ, ನೀರು ಕೊಟ್ಟು ಹಿಂದೆ ಬಂದೆ.

ಒಂಬತ್ತೂವರೆಗೆ ಬೆಳ್ತಂಗಡಿಯ ಮ್ಯಾನೇಜರ್ ಚನಿಯಪ್ಪ ಓಡಿ ಬಂದರು. “ತಂಗಿ, ಡೊಂಬಯ್ಯನ ಎದುರು ಪಾರ್ಟಿಯಲ್ಲಿ ನಳಿನಾಕ್ಷಿ ಆಗುದು ನೀನೇ ಅಲ್ವಾ? ಅವಳಿಗೆ ಜ್ವರ, ಏಳ್ಲಿಕ್ಕೆ ಆಗುದಿಲ್ಲ. ನಮಗೆ ಆಡ್ತೀಯಾ? ಶುರುವಿನಿಂದಲೇ ಆಟಕ್ಕೆ ಇಳಿಸ್ತೇನೆ.”

ಯಾರ ಪಟ್ಟಿಯಲ್ಲೂ ಇಲ್ಲದವರನ್ನು ಹತ್ತು ಗಂಟೆಯ ತನಕ ಯಾವ ತಂಡವೂ ಬರೆದುಕೊಳ್ಳಬಹುದು. ಆ ಟೂರ್ನಮೆಂಟಿನ ಕ್ರಮ ಹಾಗೆ. ಹೇಳದೆ ಹೋಗಲು ಮನಸ್ಸಾಗಲಿಲ್ಲ. ಮಾಸ್ಟ್ರ ಮುಂದೆ ಹೋಗಿ ನಿಂತೆ.

ವಿಷಯ ಕೇಳಿದ ಕೂಡಲೇ ಅವರು ಪೆನ್ನು ತೆಗೆದರು. “ಎಲ್ಲಿಗೂ ಹೋಗ್ಬೇಡ. ಹನ್ನೆರಡನೇದು ನಿನ್ನದೇ.”

“ಆಡ್ಲಿಕ್ಕೆ ಬಿಡ್ತೀರಾ ಸರ್?”

“ನೋಡುವ.”

“ಒಂದು ರೈಡ್?”

“ಆ ಕಡೆ ಹೋಗ್ಬಾರ್ದು, ಅಷ್ಟೇ ಮಾರಾಯ್ತಿ. ಹೆಸರು ಇದ್ರೆ ಸಾಲದಾ?”

ಗಡಿಯಾರದಲ್ಲಿ ಹತ್ತಕ್ಕೆ ಎಂಟು ನಿಮಿಷ.

“ಹಾಗಾದ್ರೆ ಬರೀಬೇಡಿ ಸರ್,” ಎಂದೆ.

ನಳಿನಾಕ್ಷಿಯ ಜೆರ್ಸಿ ನನಗೆ ಸಡಿಲವಾಗಿತ್ತು. ಸೀಟಿ ಊದಿದ ಮೇಲೆ ಮೊದಲ ರೈಡ್ ನನ್ನದೇ. “ಕಬಡ್ಡಿ ಕಬಡ್ಡಿ” ಎನ್ನುತ್ತ ನುಗ್ಗಿದೆ. ಎಡಕ್ಕೆ ಮೂರು ಹೆಜ್ಜೆ, ಕೈ. ತಿರುಗುವ ಮೊದಲೇ ವಾರಿಜ ಕಾಲು ಹಿಡಿದಿದ್ದಳು. ಇನ್ನು ಮೂವರು ಮೈಮೇಲೆ ಬಿದ್ದರು. ಹದಿನೈದು ದಿನ ನಾನೇ ಕಲಿಸಿದ ಹಿಡಿತ ಅದು. ಚನಿಯಪ್ಪನವರಿಗಾಗಲಿ ನನಗಾಗಲಿ ಇದು ಮೊದಲೇ ಹೊಳೆದಿರಲಿಲ್ಲ.

“ನಮ್ಮ ನೀರಿನ ಬಾಟಲಿ ಎಲ್ಲಿಟ್ಟಿದ್ದೀ?” ವಾರಿಜ ಏಳುತ್ತ ಕಿಚಾಯಿಸಿದಳು.

ಬೆಳ್ತಂಗಡಿಯ ಒಬ್ಬಳು ಪಾಯಿಂಟ್ ತಂದಾಗ, ಔಟಾಗಿ ಕೂತಿದ್ದ ನಾನು ಮತ್ತೆ ಒಳಗೆ ಬಂದೆ. “ಇನ್ನೊಮ್ಮೆ ಸಿಕ್ಕಿಬಿದ್ರೆ ಕೂರಿಸ್ತೇನೆ, ಆಯ್ತಾ? ನಳಿನಾಕ್ಷಿ ಹಾಗೆಯೇ ಹೋಗು!” ಚನಿಯಪ್ಪ ಹೊರಗಿನಿಂದ ಕೂಗಿದರು.

ಎಡಕ್ಕೆ ಒಂದು ಹೆಜ್ಜೆ ಹಾಕಿದೆ. ಇಡೀ ಸಾಲು ಎಡಕ್ಕೆ ಬಾಗಿತು. ಎರಡನೆಯ ಹೆಜ್ಜೆ ಬರಲಿಲ್ಲ. ನನ್ನದು ಎಂಬ ರೈಡ್ ಯಾವುದೆಂದೇ ನನಗೆ ಗೊತ್ತಿರಲಿಲ್ಲ, ಯಾರೂ ಕೇಳಿರಲಿಲ್ಲ. ಅಂಕಣದ ನಡುವೆ ಸುಮ್ಮನೆ ನಿಂತುಬಿಟ್ಟೆ. ಬಾಯಿ ಮಾತ್ರ ಕಬಡ್ಡಿ ಎನ್ನುತ್ತಿತ್ತು. ಅವರು ಕಾದರು. ನಾನೂ ಕಾದೆ. ಉಸಿರು ಎದೆಯ ತಳಕ್ಕೆ ಬಂದಿತ್ತು. ತಾಳಲಾರದೆ ವಾರಿಜ ಒಂದು ಹೆಜ್ಜೆ ಮುಂದೆ ಬಂದಳು. ಅವಳ ಭುಜಕ್ಕೆ ಬಡಿದು ಹಿಂದಕ್ಕೆ ಹಾರಿದೆ. ಅಂಗೈ ಮಧ್ಯಗೆರೆಯ ಆಚೆ ಬಿತ್ತು.

ರೆಫ್ರಿ ಬೆರಳೆತ್ತಿದ. ಹೊರಗೆ ಹೋಗುತ್ತ ವಾರಿಜ ಕೇಳಿದಳು, “ಇದು ಯಾರ ರೈಡ್ ಮಾರಾಯ್ತಿ? ನಮಗೆ ತೋರಿಸಿಯೇ ಇಲ್ಲ!”

“ಗೊತ್ತಿಲ್ಲ, ಈಗ ಬಂತು,” ಎಂದೆ.